ಬೆನ್ನ ಹಿಂದಿನ ಬೆಳಕು

ಸಿಂಧನೂರು ದಾಟುವಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು. ಬನ್ನಿ ಮುಡಿದು ಮೂರು ದಿನವಾಗಿತ್ತು, ಸೀಗಿ ಹುಣ್ಣಿಮೆಗೆ ಇನ್ನೆರಡು ದಿನವಿತ್ತು. ಆಯುಧಪೂಜೆಯ ದಿನ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಬಳ್ಳಾರಿಯಿಂದ ಸಿರುಗುಪ್ಪದವರೆಗಿನ ಬಿಸಿಲಿಗೆ ಬಾಡಿ, ತುಂಗಭದ್ರೆಯ ಸೇತುವೆಯ ಮೇಲಿನ ಗಾಳಿಗೆ ಅರ್ಧ ಉದುರಿ, ಉಳಿದ ನಾಲ್ಕು ಹೂಗಳು ದಾರ ಬಿಡಲೊಲ್ಲದೆ ತೂಗುತ್ತಿದ್ದವು. ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಭತ್ತ. ಹಾಲು ತುಂಬುವ ಹೊತ್ತಿನ ತೆನೆಗಳಿಗೆ ಒಂದು ವಾಸನೆಯಿದೆ, ಎಳೆಗೂಸಿನ ನೆತ್ತಿಯ ವಾಸನೆಗೆ ಹತ್ತಿರದ್ದು. ಅದು ಗದ್ದೆಯಿಂದ ಏಳುತ್ತದೋ ನೀರಿನಿಂದ ಏಳುತ್ತದೋ ತಿಳಿಯುವುದಿಲ್ಲ, ಸಂಜೆಯ ತಂಪು ಇಳಿಯುತ್ತಿದ್ದಂತೆ ಹೆಲ್ಮೆಟ್ಟಿನ ಒಳಗೂ ಬಂದು ಕೂತುಬಿಡುತ್ತದೆ. 1953ರಲ್ಲಿ ಹೊಸಪೇಟೆಯ ಬಳಿ ನಿಂತ ತುಂಗಭದ್ರೆಯ ನೀರು ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹಿಡಿದು, ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹರಿಯುವ ದಾರಿಯಲ್ಲಿ, ಒಂದು ಕಾಲಕ್ಕೆ ಜೋಳ ಸಜ್ಜೆಗಳನ್ನಷ್ಟೇ ಕಂಡಿದ್ದ ಈ ನೆಲಕ್ಕೆ ಈ ವಾಸನೆಯನ್ನು ತಂದು ಕೊಟ್ಟಿತು.

ನೀರಿನ ಜೊತೆಗೆ ಜನರೂ ಬಂದರು. ಇಲ್ಲಿನ ಎಷ್ಟೋ ಹಳ್ಳಿಗಳ ಹೆಸರಿನ ಕೊನೆಯಲ್ಲಿ ‘ಕ್ಯಾಂಪ್’ ಎಂಬ ಮಾತು ಅಂಟಿಕೊಂಡಿದೆ. ಆಂಧ್ರದ ಕರಾವಳಿಯ ಕಡೆಯಿಂದ ಭತ್ತದ ಬೇಸಾಯ ಬಲ್ಲವರು ಬಂದು ನೆಲೆ ನಿಂತ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಎಲ್ಲವನ್ನೂ ಬಿಟ್ಟು ಬಂದವರಿಗೆ ಸರ್ಕಾರ ಭೂಮಿ ಕೊಟ್ಟು ನೆಲೆಗೊಳಿಸಿದ ಕ್ಯಾಂಪುಗಳು. ಸಿಂಧನೂರಿನ ಪೇಟೆಯಲ್ಲಿ ಚಹಾ ಕುಡಿಯಲು ನಿಂತಾಗ ಒಂದೇ ಬೆಂಚಿನ ಮೇಲೆ ಕನ್ನಡ, ತೆಲುಗು, ಬಂಗಾಳಿ ಮೂರೂ ಕಿವಿಗೆ ಬಿದ್ದಿದ್ದವು. ಬೇರೆ ಬೇರೆ ನದಿಗಳ ನೀರು ಕುಡಿದು ಬೆಳೆದ ಮೂರು ನುಡಿಗಳು ಒಂದೇ ಕಾಲುವೆಯ ದಂಡೆಗೆ ಬಂದು ಒಂದೇ ಕೆಟಲಿನ ಚಹಾಕ್ಕೆ ಕಾಯುತ್ತಿದ್ದ ಆ ಗಳಿಗೆಯನ್ನು ನಾನು ಆಗ ನೋಡಿದೆನಷ್ಟೆ, ಮನಸ್ಸಿಗೆ ತಂದುಕೊಳ್ಳಲಿಲ್ಲ. ಲಿಂಗಸುಗೂರಿನಲ್ಲಿ ಗೆಳೆಯ ಕಾಯುತ್ತಿದ್ದ. ಮರುದಿನ ಮುದಗಲ್ಲಿನ ಕೋಟೆ, ಅದರ ಮರುದಿನ ಕೃಷ್ಣೆಯ ನಡುವಿನ ಜಲದುರ್ಗ, ಹೀಗೆ ರಜೆಯ ಲೆಕ್ಕ ತಲೆಯಲ್ಲಿ ಓಡುತ್ತಿತ್ತು.

ಮುಂದೆ ಹೋದಂತೆ ನೀರು ಹಿಂದುಳಿಯಿತು. ಕಾಲುವೆ ಮುಟ್ಟಲಾರದ ಎತ್ತರದಲ್ಲಿ ಎರೆಹೊಲಗಳು ಶುರುವಾದವು. ಹತ್ತಿ ಅಲ್ಲೊಂದು ಇಲ್ಲೊಂದು ಕಾಯಿ ಒಡೆದು ಬಿಳಿ ಬಿಟ್ಟಿತ್ತು, ತೊಗರಿ ಮೊಣಕಾಲು ದಾಟಿ ನಿಂತಿತ್ತು, ಹಿಂಗಾರಿಗೆ ಬಿತ್ತಿದ ಜೋಳ ಕೂರಿಗೆಯ ಸಾಲುಗಳಲ್ಲಿ ಆಗಷ್ಟೇ ಹಸಿರು ದಾರದಂತೆ ಎದ್ದಿತ್ತು, ಅದರ ನಡುವಿನ ಮಣ್ಣು ಇಳಿಬಿಸಿಲಿನಲ್ಲಿ ಕಪ್ಪಲ್ಲ, ನೇರಳೆಯ ಹತ್ತಿರ ಹತ್ತಿರದ ಯಾವುದೋ ಬಣ್ಣ. ಸೀಗಿ ಹುಣ್ಣಿಮೆಗೆ ಇಲ್ಲಿನವರು ಭೂಮಿ ಬಸುರಿಯಾಗಿದ್ದಾಳೆಂದು ಬಯಕೆಯ ಊಟ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲುತ್ತಾರೆ. ಹೌದು, ಬಸುರಿಯ ಮುಖದ ಹೊಳಪೇ ಅದು ಅನಿಸಿತು.

ಆ ಹೊಳಪನ್ನು ನೋಡುತ್ತಿರುವಾಗಲೇ ಎಂಜಿನ್ ನಿಂತಿತು. ಸದ್ದಿಲ್ಲ, ಕುಲುಕಾಟವಿಲ್ಲ, ಕತೆ ಹೇಳುತ್ತಿದ್ದವರು ನಿದ್ದೆಗೆ ಜಾರಿದಂತೆ. ಕಿಕ್ ಹೊಡೆದೆ, ಗುಂಡಿ ಒತ್ತಿದೆ. ದೀಪವಿಲ್ಲ, ಹಾರ್ನಿಲ್ಲ, ಸೀಟಿನ ಕೆಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ. ಫೋನು ಮಧ್ಯಾಹ್ನವೇ ಕಣ್ಣು ಮುಚ್ಚಿತ್ತು. ಬದಿಯಲ್ಲಿ ಹಳದಿ ನೆತ್ತಿಯ ಒಂದು ಕಲ್ಲು, ‘ಮಸ್ಕಿ 9’ ಎಂದು ಬರೆದಿತ್ತು. ಅದರ ಪಕ್ಕ ಗಾಡಿ ನಿಲ್ಲಿಸಿ ಕೂತೆ. ಲಾರಿಗಳು ಬಂದವು, ಹೋದವು, ಪ್ರತಿಯೊಂದು ಹೋದಾಗಲೂ ಅದರ ಗಾಳಿಗೆ ಜಾಲಿಯ ಗಿಡಗಳು ಒಮ್ಮೆ ಬಾಗಿ ಮತ್ತೆ ಎದ್ದವು. ಮುಂದಿನ ಕೆಂಪು ಆರಿತು; ಹಿಂದೆ, ನಾನು ಬಂದ ದಿಕ್ಕಿನಲ್ಲಿ, ಚಂದ್ರ ಆಗಲೇ ಮೇಲೆ ಬಂದಿದ್ದ, ಒಂದು ಅಂಚು ಮಾತ್ರ ಇನ್ನೂ ತುಂಬಬೇಕಿದ್ದವನು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಹೆದರಿಕೆಯ ಕೆಳಗೆ ಇನ್ನೊಂದು ಪದರವಿತ್ತು: ಬೆಳಗಿನಿಂದ ಕಿವಿ ತುಂಬಿದ್ದ ಎಂಜಿನ್ನಿನ ಸದ್ದು ನಿಂತ ಮೇಲೆ ಹೊಲಗಳ ಒಳಗಿನಿಂದ ಹುಳುಗಳ ದನಿ ಎದ್ದು, ಅದರ ಹಿಂದೆ ಎಲ್ಲೋ ಪಂಪ್‌ಸೆಟ್ಟಿನ ಬಡಿತ, ಅದರ ಹಿಂದೆ ಇನ್ನೆಲ್ಲೋ ಭಜನೆಯ ತಾಳ, ಒಂದರ ಹಿಂದೊಂದು ಬಾಗಿಲು ತೆರೆಯುತ್ತ ಹೋದಂತೆ ಲೋಕ ದೂರ ದೂರಕ್ಕೆ ಹರಡಿಕೊಳ್ಳುತ್ತಿತ್ತು.

ಹಾಗೆ ಕೂತಿದ್ದಾಗ ಒಂದು ಬೈಕು ನನ್ನನ್ನು ದಾಟಿ ಹೋಗಿ, ನಿಧಾನ ಮಾಡಿ, ತಿರುಗಿ ಬಂತು.

ಹಳೆಯ ಗಾಡಿ. ಹಿಂದಿನ ಸೀಟಿಗೆ ಹಸಿಮೇವಿನ ಹೊರೆ, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಏಳೆಂಟು ವರ್ಷದ ಹುಡುಗಿ, ಎರಡು ಜಡೆ, ಹಬ್ಬದ ಹೊಸ ಲಂಗ. ನಡುವೆ ಅವನು, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಕಾಲಿಗೆ ಇನ್ನೂ ಒಣಗದ ಕರಿಮಣ್ಣು.

“ಯಾಕ್ರೀ ಸರ, ಗಾಡಿ ಕೈ ಕೊಡ್ತೇನ್ರಿ?”

ಹೇಳಿದೆ. ಅವನು ಇಳಿದು ಬಂದು ಎರಡು ಸಲ ಕಿಕ್ ಹೊಡೆದು ನೋಡಿದ, ಬಗ್ಗಿ ಮೂಸಿದ. “ವೈರ್ ಸುಟ್ಟೇತ್ರಿ. ಇಲ್ಲಿ ಆಗೂದಲ್ಲ. ಹತ್ರಿ, ಮಸ್ಕಿತನಾ ದೂಡ್ಕೊಂತ ಬರ್ತೀನಿ.” ಮಗಳು ಟ್ಯಾಂಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು, ಅಳೆಯುವ ನೋಟವಲ್ಲ, ಮಳೆಯನ್ನು ನೋಡುವ ಹಾಗೆ.

ಕೆಟ್ಟ ಗಾಡಿಯನ್ನು ಹಿಂದಿನಿಂದ ಕಾಲು ಕೊಟ್ಟು ದೂಡುವುದನ್ನು ನಮ್ಮ ರಸ್ತೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಒಬ್ಬ ಪಕ್ಕದಲ್ಲಿ ಸ್ವಲ್ಪ ಹಿಂದಾಗಿ ಬರುತ್ತ ತನ್ನ ಎಡಗಾಲನ್ನು ಚಾಚಿ ಇನ್ನೊಬ್ಬನ ಫುಟ್‌ರೆಸ್ಟಿಗೆ ಒತ್ತಿ ಹಿಡಿಯುತ್ತಾನೆ, ಒಂದು ಎಂಜಿನ್ ಎರಡು ಗಾಡಿಗಳನ್ನು ಎಳೆಯುತ್ತದೆ. ನೂರು ಸಲ ನೋಡಿದ್ದೆ. ಆದರೆ ಅವನು ಆ ಕಾಲು ಚಾಚುವ ಮೊದಲು ಮಾಡಿದ್ದನ್ನು ಎಲ್ಲೂ ನೋಡಿರಲಿಲ್ಲ. ಚಪ್ಪಲಿ ಬಿಟ್ಟು ಮೇವಿನ ಹೊರೆಗೆ ಸಿಕ್ಕಿಸಿದ. ನನ್ನ ಗಾಡಿಯ ಬಲಗಡೆಯ ಹಿಂದಿನ ಫುಟ್‌ರೆಸ್ಟನ್ನು ಬಿಚ್ಚಿ, ಅದರ ರಬ್ಬರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಬಲಗೈಯ ಬೆರಳುಗಳಿಂದ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದ: “ಪೂಜಿ ಮಾಡಿದ ಗಾಡಿರಿ. ಎಡಗಾಲು ಹಚ್ಚಾಕತ್ತೀನಿ, ಏನೂ ತಿಳ್ಕೋಬ್ಯಾಡ್ರಿ.”

ಹ್ಯಾಂಡಲ್ಲಿನಲ್ಲಿ ಉಳಿದಿದ್ದ ನಾಲ್ಕು ಹೂಗಳನ್ನು ಆ ಅರೆಗತ್ತಲಿನಲ್ಲಿ ಅವನು ನೋಡಿದ್ದ. ನನಗೆ ಮಾತು ಬರಲಿಲ್ಲ. ಬೇರೆಯವರಿಗೆ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವುದನ್ನು ಮಕ್ಕಳಿದ್ದಾಗ ಅಮ್ಮ ಕಲಿಸುತ್ತಾಳೆ, ಪುಸ್ತಕಕ್ಕೆ, ಮೊರಕ್ಕೆ, ಧಾನ್ಯಕ್ಕೆ, ಮಲಗಿದವರಿಗೆ. ಅದೆಲ್ಲ ತಾಗಿದ ಮೇಲಿನ ಮಾತು. ತಾಗುವ ಮುಂಚೆಯೇ, ಉಪಕಾರ ಮಾಡಲಿಕ್ಕೆಂದು ಚಾಚುವ ಕಾಲಿಗೂ ಮುಂಚೆಯೇ ಹೀಗೆ ಅಪ್ಪಣೆ ಬೇಡಿದವರನ್ನು ನಾನು ಅಂದೇ ಕಂಡದ್ದು.

“ಹ್ಯಾಂಡಲ್ ನೆಟ್ಟಗ ಹಿಡೀರಿ. ಬ್ರೇಕಿನ ಮ್ಯಾಲ ಕೈ ಇರ್ಲಿ, ಹಿಡೀಬ್ಯಾಡ್ರಿ ಮತ್ತ.”

ಹೊರಟೆವು. ಮೊದಲ ಒತ್ತಿಗೆ ಗಾಡಿ ಸ್ವಲ್ಪ ಓಲಾಡಿತು, ಎರಡನೆಯದಕ್ಕೆ ನೆಟ್ಟಗಾಯಿತು, ಮೂರನೆಯದರ ಹೊತ್ತಿಗೆ ಅದು ದೂಡುವಿಕೆಯಾಗಿ ಉಳಿಯದೆ ಒಂದು ಹರಿವಾಯಿತು. ನನ್ನ ಗಾಡಿಯಲ್ಲಿ ಸದ್ದಿರಲಿಲ್ಲ. ಟೈರು ಡಾಂಬರನ್ನು ಸವರುವ ಸಪ್ಪಳ, ಸರಪಳಿಯ ಸಣ್ಣ ಗುನುಗು, ಅಷ್ಟೇ. ದೀಪವಿಲ್ಲದ ನನ್ನ ಮುಂದೆ ಅವನ ಗಾಡಿಯ ದೀಪದ ಬೆಳಕು ನನ್ನ ಬೆನ್ನ ಹಿಂದಿನಿಂದ ಬಂದು ಬೀಳುತ್ತಿತ್ತು, ಆ ಬೆಳಕಿನ ನಡುವೆ ನನ್ನದೇ ನೆರಳು ಉದ್ದಕ್ಕೆ ಚಾಚಿ ರಸ್ತೆಯ ಮೇಲೆ ಮಲಗಿಕೊಂಡು ನನ್ನನ್ನು ಕರೆದೊಯ್ಯುತ್ತಿತ್ತು. ನೆರಳಿನ ಎಡಬಲಕ್ಕೆ ಹೊಳೆಯುವ ರಸ್ತೆಯಿತ್ತು, ಅದರಾಚೆ ಬೆಳದಿಂಗಳು ಬಿದ್ದ ಹತ್ತಿಯಿತ್ತು, ಒಡೆದ ಕಾಯಿಗಳು ಹೊಲದ ತುಂಬ ಯಾರೋ ಸಣ್ಣ ಸಣ್ಣ ಹಣತೆ ಇಟ್ಟು ಹೋದಂತೆ ಕಾಣುತ್ತಿದ್ದವು. ಆ ಫುಟ್‌ರೆಸ್ಟಿನ ಕಬ್ಬಿಣದ ಮೂಲಕ, ಸೀಟಿನ ಮೂಲಕ, ನನ್ನ ಬೆನ್ನುಹುರಿಯವರೆಗೆ ಅವನ ಕಾಲಿನ ನಡುಕ ಬಂದು ತಲುಪುತ್ತಿತ್ತು. ಏರು ಬಂದಾಗ ಅದು ಗಟ್ಟಿಯಾಗುತ್ತಿತ್ತು, ಇಳಿಜಾರಿನಲ್ಲಿ ಸಡಿಲವಾಗುತ್ತಿತ್ತು, ಸಮತಟ್ಟಿನಲ್ಲಿ ಸಣ್ಣಗೆ ಒಂದೇ ಸಮನೆ ಮಿಡಿಯುತ್ತಿತ್ತು. ದಿನವಿಡೀ ಕೆಸರಿನಲ್ಲಿ ನಿಂತು ನೀರು ಹಾಯಿಸಿದ ಕಾಲು ಅದು. ನಾನು ಅವನ ಮುಖವನ್ನು ಸರಿಯಾಗಿ ನೋಡಿರಲಿಲ್ಲ, ಇಂದು ಎದುರಿಗೆ ಬಂದರೂ ಗುರುತು ಹಿಡಿಯಲಾರೆ. ಆ ಕಾಲನ್ನು ಮಾತ್ರ ಬಲ್ಲೆ, ಅದರ ದಣಿವನ್ನು ಬಲ್ಲೆ.

ಮತ್ತು ಆ ಹುಡುಗಿಯ ದನಿ. ದಾರಿಯಲ್ಲಿ ಊರು ಹತ್ತಿರ ಬಂದಾಗಲೆಲ್ಲ, ನನ್ನ ನೆರಳಿನಾಚೆ ಏನಿದೆಯೆಂದು ನನಗೆ ಕಾಣುವ ಮೊದಲೇ, ಹಿಂದಿನಿಂದ ಅವಳು ಕೂಗುತ್ತಿದ್ದಳು: “ಹಂಪು! ಹಂಪು ಬಂತು!” ಈ ರಸ್ತೆಯ ಒಂದೊಂದು ಉಬ್ಬನ್ನೂ ಬಾಯಿಪಾಠ ಮಾಡಿದ್ದಳೋ ಏನೋ. ಅವಳು ಕೂಗಿದೊಡನೆ ಆ ಕಾಲು ಒತ್ತುವುದನ್ನು ಬಿಟ್ಟು ಸುಮ್ಮನೆ ತಾಗಿಕೊಂಡಿರುತ್ತಿತ್ತು, ನಾನು ಬ್ರೇಕನ್ನು ಹಗುರವಾಗಿ ಹಿಡಿಯುತ್ತಿದ್ದೆ, ಎರಡೂ ಗಾಡಿಗಳು ಒಂದೇ ಉಸಿರಿನಲ್ಲಿ ಹತ್ತಿ ಇಳಿಯುತ್ತಿದ್ದವು, ಮತ್ತೆ ಕಾಲು ಗಟ್ಟಿಯಾಗುತ್ತಿತ್ತು. ಮೂರು ಜನ, ಒಂದು ಎಂಜಿನ್, ಒಂದು ದೀಪ. ಒಂಬತ್ತು ಕಿಲೋಮೀಟರಿಗೆ ಎಷ್ಟು ಹೊತ್ತು ಹಿಡಿಯಿತೋ. ಬೆಳಗಿನಿಂದ ನಾನು ಎಷ್ಟೋ ದೂರ ಬಂದಿದ್ದೆ, ಒಂದು ನೋಟವನ್ನೂ ಬಿಡಬಾರದೆಂದು ಕಣ್ಣು ತೆರೆದುಕೊಂಡೇ ಬಂದಿದ್ದೆ. ಆದರೂ ನಿಜವಾಗಿ ಪ್ರಯಾಣ ಮಾಡಿದ್ದು ಆ ಒಂಬತ್ತು ಕಿಲೋಮೀಟರ್ ಮಾತ್ರ ಅನಿಸುತ್ತದೆ.

ಮಸ್ಕಿಯ ದೀಪಗಳು ಬಂದವು. ಬಾಗಿಲು ಎಳೆಯುತ್ತಿದ್ದ ಒಂದು ಮೆಕ್ಯಾನಿಕ್ ಅಂಗಡಿಯ ಮುಂದೆ ನಮ್ಮನ್ನು ನಿಲ್ಲಿಸಿ ಅವನೇ ಮಾತಾಡಿದ. ಮಗಳು ಟ್ಯಾಂಕಿನ ಮೇಲೆ ಹಾಗೇ ತೂಕಡಿಸುತ್ತಿದ್ದಳು. ನಾನು ಪರ್ಸು ತೆಗೆದೆ. ತೆಗೆಯುವಾಗಲೇ ಕೈ ಹಿಂಜರಿಯಿತು, ಆದರೂ ತೆಗೆದೆ, ನಮಗೆ ಬೇರೆ ಭಾಷೆ ಮರೆತುಹೋಗಿದೆ. ಅವನು ನೋಟು ಹಿಡಿದ ನನ್ನ ಕೈಯನ್ನು ತನ್ನ ಕೈಯಿಂದ ಮೆಲ್ಲಗೆ ಮಡಚಿದ. ಆಮೇಲೆ ಏನೋ ನೆನಪಾದವನಂತೆ ಅಂಗಿಯ ಜೇಬಿಗೆ ಕೈ ಹಾಕಿ, ಬಾಡಿ ಸುರುಟಿಕೊಂಡಿದ್ದ ಬನ್ನಿಯ ಎರಡು ಎಸಳು ತೆಗೆದು ನನ್ನ ಅಂಗೈಯಲ್ಲಿಟ್ಟ.

“ಹುಣ್ಣಿವಿತನಾ ಕೊಡಬೌದ್ರಿ. ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು.”

ತಿರುಗಿ ಕೊಡಲು ನನ್ನ ಬಳಿ ಬನ್ನಿ ಇರಲಿಲ್ಲ. ಎರಡೂ ಕೈ ಜೋಡಿಸಿದೆ. ಹೆಸರು ಕೇಳಿದೆ. “ಹೆಸರ ತಗೊಂಡು ಏನ್ ಮಾಡ್ತೀರಿ ಸರ, ಹೊತ್ತಾತು, ಉಂಡು ಮಲಕೋರಿ” ಎಂದು ಮೇವಿನ ಹೊರೆಯಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡು, ಮಗಳ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು ಗಾಡಿ ಚಾಲು ಮಾಡಿದ. ಮುಂದೆ ಹೋಗುತ್ತಾನೆ, ಮಸ್ಕಿಯ ಆಚೆ ಎಲ್ಲೋ ಅವನ ಊರು ಎಂದುಕೊಂಡೇ ನಾನು ನಿಂತಿದ್ದೆ. ಗಾಡಿ ತಿರುಗಿತು. ಬಂದ ದಾರಿಯಲ್ಲೇ, ಸಿಂಧನೂರಿನ ಕಡೆಗೆ, ಹಿಂದಕ್ಕೆ ಹೋಯಿತು. ಅದರ ಕೆಂಪು ದೀಪ ಸಣ್ಣದಾಗುವುದನ್ನು ನೋಡುತ್ತ ನಿಂತಾಗ ತಿಳಿಯಿತು: ನಾವು ದಾಟಿ ಬಂದ ಊರುಗಳಲ್ಲಿ ಒಂದು ಅವನದಾಗಿತ್ತು. ಅಲ್ಲಿ ಯಾವುದೋ ಹಂಪಿನ ಪಕ್ಕದಲ್ಲೇ ಅವನ ಮನೆಗೆ ತಿರುಗುವ ದಾರಿ ಇದ್ದಿರಬೇಕು, ಕೊಟ್ಟಿಗೆಯಲ್ಲಿ ಎಮ್ಮೆ ಮೇವಿಗೆ ಕಾಯುತ್ತಿದ್ದಿರಬೇಕು. ಆ ತಿರುವನ್ನು ಅವನು ಬಿಟ್ಟು ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಕಾಲು ಒಂದಿಷ್ಟೂ ಅನುಮಾನಿಸಿರಲಿಲ್ಲ.

“ನಿಮ್ಮ ಪೈಕಿಯವ್ರೇನ್ರಿ?” ಮೆಕ್ಯಾನಿಕ್ ಕೇಳಿದ. ಅಲ್ಲವೆಂದೆ. “ಈ ಕಡಿಯವ್ರ ಇರಬೇಕು ಬಿಡ್ರಿ” ಎಂದು ಅವನು ಬಾಗಿಲು ಎಳೆದ. ಬೆಳಿಗ್ಗೆ ಸಿಂಧನೂರಿನಿಂದ ಮೊದಲ ಬಸ್ಸಿಗೆ ಸಾಮಾನು ತರಿಸುತ್ತೇನೆಂದ. ರಾತ್ರಿ ಅಲ್ಲೇ ಉಳಿದೆ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎರಡನೆಯ ರೊಟ್ಟಿ ಮುರಿಯುವಾಗ ಕಣ್ಣು ಏಕೆ ಮಂಜಾಯಿತೋ.

ಬೆಳಿಗ್ಗೆ ಗಾಡಿ ರಿಪೇರಿಯಾಗುವವರೆಗೆ ದುರ್ಗದ ಗುಡ್ಡಕ್ಕೆ ಹೋದೆ. ರಜೆಯ ಪಟ್ಟಿಯಲ್ಲಿ ಮಸ್ಕಿ ಬರೀ ದಾಟಿ ಹೋಗುವ ಊರಾಗಿತ್ತು. ಒಂದರ ಮೇಲೊಂದು ಒರಗಿದ ದೊಡ್ಡ ದೊಡ್ಡ ಗುಂಡುಗಳು, ಅವುಗಳ ಸಂದಿಯಲ್ಲಿ ರಾತ್ರಿಯ ತಂಪು ಇನ್ನೂ ಉಳಿದಿತ್ತು. ಆ ನೆರಳಿನಲ್ಲಿ ಒಂದು ಬಂಡೆ, ಅದರ ಮೈಮೇಲೆ ಇರುವೆಗಳು ಸಾಲುಗಟ್ಟಿದಂತೆ ಬ್ರಾಹ್ಮಿ ಅಕ್ಷರಗಳು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಈ ಲಿಪಿಯನ್ನು ಓದಿದಾಗ ನಾಡಿನ ಬಂಡೆಗಳೂ ಕಂಬಗಳೂ ಬಾಯಿ ತೆರೆದವು. ಆದರೆ ಅವುಗಳಲ್ಲಿ ಮಾತಾಡುತ್ತಿದ್ದ ದೊರೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಸಿಂಹಳದ ಗ್ರಂಥಗಳ ಆಸರೆಯಿಂದ ಅವನು ಅಶೋಕನೇ ಎಂದು ವಿದ್ವಾಂಸರು ತಿಳಿದರೂ ಅವನದೇ ಶಾಸನದ ಬಾಯಲ್ಲಿ ಆ ಹೆಸರು ಮೊದಲು ಕೇಳಿಬಂದದ್ದು 1915ರಲ್ಲಿ, ಇಲ್ಲಿ, ಈ ಗುಡ್ಡದಲ್ಲಿ. ನಿಜಾಮರ ಸೀಮೆಯಲ್ಲಿ ಬಂಗಾರ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಇದು ಬಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಆಮೇಲೆ ಮಧ್ಯಪ್ರದೇಶದ ಗುಜ್ಜರ್ರಾದಲ್ಲಿ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳಲ್ಲಿಯೂ ಆ ಹೆಸರು ಸಿಕ್ಕಿದೆ. ಬಂಗಾರವನ್ನು ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಭೂಮಿಯ ಆಳದಿಂದ ತೆಗೆಯುತ್ತಾರೆ.

ಜೇಬಿನಲ್ಲಿದ್ದ ಬನ್ನಿ ಎಸಳುಗಳನ್ನು ಮುಟ್ಟಿ ನೋಡಿಕೊಂಡೆ.

ದೆಹಲಿಯಲ್ಲಿರುವ ಒಂದು ಕಂಬದ ಮೇಲೆ ಅದೇ ದೊರೆ ದಾರಿಬದಿಗೆ ಆಲದ ಮರ ನೆಡಿಸಿದ್ದನ್ನು, ಮಾವಿನ ತೋಪು ಮಾಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ತಂಗುದಾಣ ಕಟ್ಟಿಸಿದ್ದನ್ನು ಬರೆಸಿದ್ದಾನೆ, ಮನುಷ್ಯರಿಗೂ ದನಕರುಗಳಿಗೂ ಎಂದು. ಮಸ್ಕಿಯ ಬಂಡೆ ಹೇಳುವುದು ಇನ್ನೂ ಮೆಲುದನಿಯ ಮಾತು. ಎರಡೂವರೆ ವರ್ಷಕ್ಕೂ ಮೇಲಾಯಿತು ತಾನು ಬುದ್ಧನ ಹಾದಿ ಹಿಡಿದು ಎನ್ನುತ್ತಾನೆ. ಮೊದಲು ಬೆರೆಯದೆ ಇದ್ದ ದೇವತೆಗಳು ಈಗ ಮನುಷ್ಯರೊಡನೆ ಬೆರೆತಿದ್ದಾರೆ ಎನ್ನುತ್ತಾನೆ. ಇದು ದೊಡ್ಡವರಿಗೆ ಮಾತ್ರ ಎಟಕುವುದೆಂದು ತಿಳಿಯಬೇಡಿ, ಸಣ್ಣವನಿಗೂ ಸಾಧ್ಯ, ಇದನ್ನು ಇಬ್ಬರಿಗೂ ಹೇಳಿ ಎನ್ನುತ್ತಾನೆ. ದೇವತೆಗಳು ಬೆರೆತರು ಎಂದರೆ ಏನು ಎಂಬ ಬಗ್ಗೆ ವಿದ್ವಾಂಸರು ನೂರು ಬಗೆಯಲ್ಲಿ ಯೋಚಿಸಿದ್ದಾರೆ. ಆ ಬೆಳಿಗ್ಗೆ ಆ ಸಾಲಿನ ಮುಂದೆ ನಿಂತ ನನಗೆ ಯಾವ ವ್ಯಾಖ್ಯಾನವೂ ಬೇಕೆನಿಸಲಿಲ್ಲ. ಕೆಳಗೆ ಊರು ಏಳುತ್ತಿತ್ತು. ಒಲೆಗಳ ಹೊಗೆ, ಬಸ್ಸಿನ ಹಾರ್ನು, ರೊಟ್ಟಿ ಬಡಿಯುವ ಸದ್ದು, ಅದೆಲ್ಲದರಾಚೆ ಸಿಂಧನೂರಿನ ದಿಕ್ಕಿಗೆ ಬಿಸಿಲಿನಲ್ಲಿ ತೇಲುತ್ತಿದ್ದ ನೇರಳೆಗಪ್ಪು ಹೊಲಗಳು. ಅವುಗಳಲ್ಲಿ ಯಾವುದೋ ಒಂದರಲ್ಲಿ ಯಾರೋ ಪ್ಯಾಂಟು ಮಡಚಿಕೊಂಡು ನೀರಿಗೆ ಇಳಿಯುತ್ತಿದ್ದರು.

ನಾನು ಇಳಿದು ಬರುವಷ್ಟರಲ್ಲಿ ಗಾಡಿ ಸಿದ್ಧವಾಗಿತ್ತು. ಮೆಕ್ಯಾನಿಕ್ ಪ್ರೀತಿಯಿಂದ ಇಡೀ ಗಾಡಿಯನ್ನು ಒರೆಸಿದ್ದ, ಫುಟ್‌ರೆಸ್ಟನ್ನೂ. ರಬ್ಬರಿನ ಗೆರೆಗಳ ಒಳಗೆ ಮಾತ್ರ ಸ್ವಲ್ಪ ಕರಿಮಣ್ಣು ಒಣಗಿ ಕೂತಿತ್ತು. ದುಡ್ಡು ಕೊಟ್ಟು ಹೊರಟೆ. ಲಿಂಗಸುಗೂರಿನ ದಾರಿಯಲ್ಲಿ ಬೆಳಗಿನ ಬಿಸಿಲು ಈಗ ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು, ನೆರಳು ಮತ್ತೆ ಮುಂದೆ ಮುಂದೆ ಓಡುತ್ತಿತ್ತು. ಎಂಜಿನ್ನಿನ ಸದ್ದು ಎಂದಿನಂತೆ ಕಿವಿ ತುಂಬಿತ್ತು. ಊರು ಹತ್ತಿರವಾಗಿ, ಬೇವಿನ ಮರಗಳ ನೆರಳಿನಲ್ಲಿ ರಸ್ತೆ ಒಂದು ಕಡೆ ಸ್ವಲ್ಪ ಉಬ್ಬಿದ್ದು ಕಂಡಾಗ, ಹೆಲ್ಮೆಟ್ಟಿನ ಒಳಗೆ ನನಗೇ ಕೇಳುವಷ್ಟು ಗಟ್ಟಿಯಾಗಿ, ನನ್ನ ಬಾಯಿ ಹೇಳಿತು: ಹಂಪು. ಹಂಪು ಬಂತು.